ಮಗಳು ರೆಡಿ, ಆಕಾಶ ರೆಡಿ ಇಲ್ಲ

ಸುಬಹಿ ನಮಾಝ್ ಮುಗಿಸಿ ನಾವು ಗಂಡ ಹೆಂಡತಿ ಇಬ್ಬರೂ ಮೊಬೈಲ್ ಎದುರು ಕೂತುಕೊಳ್ಳುವುದು ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಅಭ್ಯಾಸವೇ ಆಗಿಹೋಗಿತ್ತು. ಚಹಾ ಆರುತ್ತಿತ್ತು, ಯಾರೂ ಕುಡಿಯುತ್ತಿರಲಿಲ್ಲ. ಆರೂವರೆ ಹೊತ್ತಿಗೆ ಮೆಸೇಜ್ ಬರುತ್ತಿತ್ತು. ‘ಬಾಪಾ, ಇವತ್ತೂ ಇಲ್ಲ.’ ಅದರ ಕೆಳಗೆ ಒಂದು ಫೋಟೊ. ಫೋಟೊದಲ್ಲಿ ಬಿಳಿ ಬಿಟ್ಟರೆ ಬೇರೆ ಏನೂ ಇಲ್ಲ. ರನ್‌ವೇ ಎಲ್ಲಿ, ವಿಮಾನ ಎಲ್ಲಿ, ಆಕಾಶ ಎಲ್ಲಿ ಎಂದು ನಾವು ಕಣ್ಣು ಸಣ್ಣ ಮಾಡಿ ಹುಡುಕುತ್ತಿದ್ದೆವು. ಅದು ಮಂಜು.

ನಮ್ಮ ಮಗಳು ಉತ್ತರದ ಕಡೆಯ ಒಂದು ಪಟ್ಟಣದ ಫ್ಲೈಯಿಂಗ್ ಸ್ಕೂಲ್‌ನಲ್ಲಿ ಪೈಲಟ್ ಆಗಲು ಕಲಿಯುತ್ತಿದ್ದಳು. ಹಾರಾಟದ ಗಂಟೆಗಳೆಲ್ಲ ಮುಗಿದಿದ್ದವು, ಥಿಯರಿ ಪೇಪರ್‌ಗಳೆಲ್ಲ ಪಾಸಾಗಿದ್ದವು. ಬಾಕಿ ಇದ್ದದ್ದು ಕೊನೆಯ ಹಾರಾಟ ಪರೀಕ್ಷೆ ಮಾತ್ರ. ‘ಒಂದು ಹತ್ತು ದಿನದ ಕೆಲಸ’ ಎಂದು ನಾವು ಊರಿಡೀ ಹೇಳಿಕೊಂಡು ಬಂದಿದ್ದೆವು. ಆ ಹತ್ತು ದಿನ ಐದು ತಿಂಗಳಿಗಿಂತ ಉದ್ದವಾಯಿತು. ಈ ಬರಹ ಆ ತಿಂಗಳುಗಳ ಬಗ್ಗೆ. ನಮ್ಮ ಸಮುದಾಯದಲ್ಲಿ ಈಗ ಮಕ್ಕಳನ್ನು ಈ ದಾರಿಗೆ ಕಳಿಸುವ ಮನೆಗಳು ಅಲ್ಲಲ್ಲಿ ಕಾಣಿಸುತ್ತಿವೆ. ಅವರಿಗೆ ಉಪಯೋಗ ಆದರೆ ಆಗಲಿ ಎಂದು ಬರೆಯುತ್ತಿದ್ದೇವೆ.

ಪರೀಕ್ಷೆ ಅಂದರೆ ಒಂದಲ್ಲ

ನಮಗೂ ಮೊದಲು ಗೊತ್ತಿರಲಿಲ್ಲ. ಡ್ರೈವಿಂಗ್ ಲೈಸನ್ಸ್‌ಗೆ ಎಂಟು ಹಾಕಿ ತೋರಿಸಿದ ಹಾಗೆ ಒಂದು ಸುತ್ತು ಹೊಡೆದು ಬಂದರೆ ಆಯಿತು ಎಂದುಕೊಂಡಿದ್ದೆವು. ಹಾಗಲ್ಲ.

ನಮ್ಮ ದೇಶದಲ್ಲಿ ಕಮರ್ಶಿಯಲ್ ಪೈಲಟ್ ಲೈಸನ್ಸ್, ಎಲ್ಲರೂ ಸಿಪಿಎಲ್ ಅನ್ನುವುದು, ಸಿಗಬೇಕಾದರೆ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಜವಾಬ್ದಾರಿ ತಾನೇ ಹೊತ್ತು ಹಾರಿರಬೇಕು. ಆ ನೂರರಲ್ಲಿ ಊರಿಂದೂರಿಗೆ ಹೋಗುವ ಹಾರಾಟ 20 ಗಂಟೆ. ಒಂದು ಸಲವಾದರೂ 300 ನಾಟಿಕಲ್ ಮೈಲು, ಅಂದರೆ ಸುಮಾರು 555 ಕಿಲೋಮೀಟರ್ ಹಾರಿ, ನಡುವೆ ಎರಡು ಬೇರೆ ಬೇರೆ ವಿಮಾನ ನಿಲ್ದಾಣಗಳಲ್ಲಿ ಇಳಿದು ಬರಬೇಕು. ರಾತ್ರಿ ಹಾರಾಟ 5 ಗಂಟೆ, ಅದರಲ್ಲಿ ಹತ್ತು ಸಲ ಏರುವುದು, ಹತ್ತು ಸಲ ಇಳಿಯುವುದು. ಹೊರಗೆ ನೋಡದೆ ಬರೀ ಮೀಟರ್ ನೋಡಿ ಹಾರಿಸುವುದು 10 ಗಂಟೆ. ಇದೆಲ್ಲ ಲಾಗ್‌ಬುಕ್ಕಿನಲ್ಲಿ ಒಂದೊಂದು ಸಾಲಾಗಿ ಕೂರಬೇಕು.

ಇಷ್ಟಾದ ಮೇಲೆ ಸ್ಕಿಲ್ ಟೆಸ್ಟ್. ಹಗಲಿನ ಜನರಲ್ ಫ್ಲೈಯಿಂಗ್ ಟೆಸ್ಟ್ ಒಂದು, ರಾತ್ರಿಯದ್ದು ಇನ್ನೊಂದು. ಹಗಲಿನ ಕ್ರಾಸ್ ಕಂಟ್ರಿ ಒಂದು, 250 ನಾಟಿಕಲ್ ಮೈಲು, ನಡುವೆ ಒಂದು ಕಡೆ ಇಳಿದು ಹೋಗಬೇಕು. ರಾತ್ರಿಯ ಕ್ರಾಸ್ ಕಂಟ್ರಿ ಇನ್ನೊಂದು, 120 ನಾಟಿಕಲ್ ಮೈಲು, ಎಲ್ಲಿಯೂ ಇಳಿಯದೆ ಹೊರಟ ಜಾಗಕ್ಕೇ ವಾಪಸ್. ಪ್ರತಿಯೊಂದಕ್ಕೂ ಹವೆ ಸರಿಯಿರಬೇಕು, ವಿಮಾನ ಸರಿಯಿರಬೇಕು, ಡಿಜಿಸಿಎ ಒಪ್ಪಿಗೆ ಪಡೆದ ಎಕ್ಸಾಮಿನರ್ ಇರಬೇಕು, ಆಕಾಶ ಖಾಲಿ ಸಿಗಬೇಕು. ಈ ನಾಲ್ಕೂ ಒಂದೇ ಹೊತ್ತಿಗೆ ಕೂಡಿ ಬರಬೇಕು. ಮದುವೆಗೆ ದಿನ ನೋಡಿದ ಹಾಗೆ. ಹುಡುಗನ ಕಡೆಯವರಿಗೆ ಆದರೆ ಹಾಲ್ ಇಲ್ಲ, ಹಾಲ್ ಸಿಕ್ಕಿದರೆ ಗಲ್ಫಿನಿಂದ ಬರುವ ಅಣ್ಣನಿಗೆ ರಜೆ ಇಲ್ಲ.

ಒಂದೊಂದಾಗಿ ತಪ್ಪಿದ ದಿನಗಳು

ಡಿಸೆಂಬರ್ ಎರಡನೇ ವಾರ ಮೊದಲ ದಿನ ನಿಗದಿಯಾಯಿತು. ಮಂಜು ಬಿತ್ತು. ಕಣ್ಣಿನ ಅಂದಾಜಿನಲ್ಲಿ ಹಾರುವವರಿಗೆ ಕಡಿಮೆ ಅಂದರೆ 5 ಕಿಲೋಮೀಟರ್ ದೂರ ಕಾಣಿಸಬೇಕು ಎಂಬುದು ನಿಯಮ. ಮಂಜಿನಲ್ಲಿ ಒಂದು ಕಿಲೋಮೀಟರ್ ಕೂಡ ಕಾಣಿಸುವುದಿಲ್ಲ. ಹತ್ತು ಹನ್ನೊಂದು ಗಂಟೆಗೆ ಮಂಜು ಕರಗಿದರೂ ಅದರ ಜಾಗದಲ್ಲಿ ಹೊಗೆಯಂಥ ಮಬ್ಬು ಕೂತಿರುತ್ತದೆ. ಕರಾವಳಿಯ ನಮಗೆ ಇದು ಅರ್ಥವಾಗುವುದೇ ಕಷ್ಟ. ‘ಬಿಸಿಲು ಉಂಟಲ್ಲ ಮಗಳೇ, ಹಾರಬಹುದಲ್ಲ?’ ಎಂದು ಅವಳ ಉಮ್ಮ ಕೇಳಿದರೆ, ‘ಉಮ್ಮಾ, ಬಿಸಿಲು ಮೇಲಿನಿಂದ ಬೀಳ್ತದೆ, ನನಗೆ ಎದುರಿಗೆ ಕಾಣಬೇಕು’ ಅನ್ನುತ್ತಿದ್ದಳು. ಸ್ವಲ್ಪ ಹೊತ್ತು ಆಕಾಶ ಬಿಟ್ಟುಕೊಟ್ಟರೆ ಆಗ ಸರದಿಯಲ್ಲಿ ನಿಂತವರು ಇಪ್ಪತ್ತು ಮಂದಿ. ಇನ್ನೂ ಮೊದಲ ಸೋಲೋ ಕೂಡ ಆಗದ ಮಕ್ಕಳು ಒಂದು ಕಡೆ, ಪರೀಕ್ಷೆಯವರು ಇನ್ನೊಂದು ಕಡೆ.

ಜನವರಿ ಕೊನೆಗೆ ಮಂಜು ತೆಳುವಾಯಿತು. ಆಗ ವಿಮಾನ ಹ್ಯಾಂಗರ್ ಸೇರಿತು. ಈ ಚಿಕ್ಕ ವಿಮಾನಗಳನ್ನು ಇಷ್ಟು ಗಂಟೆ ಹಾರಿದ ಮೇಲೆ ಬಿಚ್ಚಿ ನೋಡಲೇಬೇಕು, 50 ಗಂಟೆಗೆ ಒಂದು, 100 ಗಂಟೆಗೆ ಇನ್ನೂ ದೊಡ್ಡದು. ಅದನ್ನು ಮುಂದೂಡಲು ಬರುವುದಿಲ್ಲ. ಬಿಚ್ಚಿದಾಗ ಒಂದು ಭಾಗ ಸವೆದದ್ದು ಕಂಡಿತು. ಆ ಭಾಗ ಹೊರಗಿನಿಂದ ಬರಬೇಕು. ಎರಡು ವಾರ ಎಂದರು, ಐದು ವಾರ ಆಯಿತು. ಉಳಿದ ವಿಮಾನಗಳಿಗೆ ಹುಡುಗರ ಸಾಲು ಇನ್ನೂ ಉದ್ದ.

ಮಾರ್ಚ್‌ನಲ್ಲಿ ವಿಮಾನ ಬಂತು, ಎಕ್ಸಾಮಿನರ್‌ಗೆ ಬೇರೆ ಕೆಲಸ ಬಂತು. ಅವರು ಬಂದ ದಿನ ಗಾಳಿ. ಸೆಸ್ನಾ 172 ಎಂಬ ಆ ವಿಮಾನದ ಪುಸ್ತಕದಲ್ಲಿ ಅಡ್ಡಗಾಳಿಗೆ 15 ನಾಟ್ ಎಂದು ಬರೆದದ್ದು ಉಂಟು. ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ಆ ದಿನ ಅದಕ್ಕಿಂತ ಜಾಸ್ತಿ ಬೀಸುತ್ತಿತ್ತು. ಮತ್ತೊಂದು ದಿನ ಗಾಳಿ ಇಲ್ಲ, ಮಂಜಿಲ್ಲ, ವಿಮಾನ ಉಂಟು, ಎಕ್ಸಾಮಿನರ್ ಉಂಟು. ಆದರೆ ಆ ಭಾಗಕ್ಕೆ ಯಾರೋ ದೊಡ್ಡವರು ಬರುವವರಿದ್ದರು. ಆಕಾಶ ಬಂದ್. ಅದಕ್ಕೆ ನೋಟಾಮ್ ಎಂದು ಹೆಸರು. ಪೈಲಟ್‌ಗಳಿಗೆ ಕೊಡುವ ಸೂಚನೆ. ‘ರಸ್ತೆ ಬಂದ್ ಮಾಡೋದು ಕೇಳಿದ್ದೇವೆ, ಆಕಾಶವನ್ನೂ ಬಂದ್ ಮಾಡ್ತಾರಾ ಮಾರಾಯ್ರೆ’ ಎಂದು ನಾವು ನಕ್ಕೆವು. ನಗು ಬರಲಿಲ್ಲ.

ಕಾಯುವುದಕ್ಕೂ ದುಡ್ಡು ಬೇಕು

ಕಾದರೆ ಬರೀ ದಿನ ಹೋಗುವುದು ಎಂದು ತಿಳಿದಿದ್ದೆವು. ದಿನದ ಜೊತೆ ಬೇರೆಯೂ ಹೋಗುತ್ತದೆ.

ಆ 100 ಗಂಟೆಯ ಸ್ವಂತ ಜವಾಬ್ದಾರಿಯ ಹಾರಾಟದಲ್ಲಿ 15 ಗಂಟೆಯಾದರೂ ಲೈಸನ್ಸಿಗೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳಲ್ಲಿ ಆಗಿರಬೇಕು. ಪರೀಕ್ಷೆಗಳೂ ಆ ಆರು ತಿಂಗಳ ಒಳಗೇ ಇರಬೇಕು. ನಮ್ಮ ಮಗಳು ಒಬ್ಬಳೇ ಹಾರಿದ್ದು ಹೆಚ್ಚಿನದೂ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಏಪ್ರಿಲ್ ಬಂದಾಗ ಆ ಗಂಟೆಗಳು ಒಂದೊಂದಾಗಿ ಲೆಕ್ಕದಿಂದ ಹೊರಗೆ ಜಾರತೊಡಗಿದವು. ಹಾರಿದ್ದು ಹಾರಿದ್ದೇ, ಒಟ್ಟು 200ರಲ್ಲಿ ಉಂಟು, ಆದರೆ ‘ಇತ್ತೀಚಿನದು’ ಅಲ್ಲ. ಮತ್ತೆ ಹಾರಬೇಕು. ಅದು ಬಿಟ್ಟು, ಮೂರು ನಾಲ್ಕು ವಾರ ಹಾರದೆ ಕೂತವರನ್ನು ಸ್ಕೂಲಿನವರು ಸೀದಾ ಪರೀಕ್ಷೆಗೆ ಬಿಡುವುದಿಲ್ಲ. ಇನ್‌ಸ್ಟ್ರಕ್ಟರ್ ಜೊತೆ ಕೂತು ಕೈ ಸರಿ ಮಾಡಿಕೊಳ್ಳಬೇಕು. ಅದು ನ್ಯಾಯವೇ. ಆದರೆ ಒಂದು ಗಂಟೆ ಹಾರಾಟಕ್ಕೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಒಂದೊಂದು ಸಲ ಪರೀಕ್ಷೆ ತಪ್ಪಿದಾಗಲೂ ಒಂದೊಂದು ಬಿಲ್ಲು.

ಮೇಲೆ ಹಾಸ್ಟೆಲ್, ಮೆಸ್. ಮೇಲೆ ಮೆಡಿಕಲ್. ಕ್ಲಾಸ್ ಒನ್ ಮೆಡಿಕಲ್ ಸರ್ಟಿಫಿಕೇಟ್‌ಗೆ 12 ತಿಂಗಳ ಆಯಸ್ಸು. ಅವಳದ್ದು ಮೇ ತಿಂಗಳಿಗೆ ಮುಗಿಯುವುದಿತ್ತು. ಅದು ಮುಗಿದರೆ ಎಷ್ಟೇ ಚೆನ್ನಾಗಿ ಹಾರಿಸಲಿ, ಕಾಕ್‌ಪಿಟ್‌ನಲ್ಲಿ ಆ ಸೀಟಿಗೆ ಕೂರುವ ಹಾಗಿಲ್ಲ.

ನಮ್ಮದು ದಕ್ಕೆಯಲ್ಲಿ ಮೀನಿನ ವ್ಯಾಪಾರ, ಒಂದು ಬೋಟಿನಲ್ಲಿ ಸಣ್ಣ ಪಾಲು. ಬಡ್ಡಿ ಸಾಲ ಬೇಡ ಎಂದು ಮೊದಲೇ ನಿಶ್ಚಯ ಮಾಡಿದ್ದೆವು. ದೊಡ್ಡ ಮಗನ ಸೌದಿ ದುಡಿಮೆ, ತೆಂಗಿನ ತೋಟದ ಹತ್ತಿರದ ಐದು ಸೆಂಟ್ಸ್ ಜಾಗ, ಅವಳ ಉಮ್ಮನ ಬಳೆಗಳು, ಎಲ್ಲ ಸೇರಿಸಿ ಫೀಸ್ ಕಟ್ಟಿದ್ದೆವು. ಈ ‘ಮೇಲಿನ’ ಖರ್ಚು ನಮ್ಮ ಲೆಕ್ಕದ ಪುಸ್ತಕದಲ್ಲಿ ಇರಲೇ ಇಲ್ಲ. ಫೆಬ್ರವರಿಯಲ್ಲಿ ಬೋಟಿನ ಪಾಲಿನ ದುಡ್ಡನ್ನು ಮುಂಚಿತವಾಗಿ ಕೇಳಿ ತಂದೆವು. ಮಗಳಿಗೆ ಹೇಳಲಿಲ್ಲ. ಅವಳಿಗೆ ಹೇಗೋ ಗೊತ್ತಾಯಿತು. ಆಮೇಲೆ ಸ್ವಲ್ಪ ದಿನ ಅವಳ ಫೋನ್ ಚುಟುಕಾಯಿತು.

ಇನ್ನು ಕೇಳುವವರ ಬಾಯಿ. ಒಂದು ನಿಖಾಹ್ ಊಟಕ್ಕೆ ಹೋದರೆ ಬಿರಿಯಾನಿ ತಟ್ಟೆ ಮುಂದೆ ಬರುವ ಮೊದಲೇ, ‘ಪೈಲಟ್ ಆದಳಾ?’ ಎಂಬ ಪ್ರಶ್ನೆ. ಕೇಳುವವರದ್ದು ಕೆಟ್ಟ ಮನಸ್ಸಲ್ಲ. ಹೆಚ್ಚಿನವರಿಗೆ ಹೆಮ್ಮೆಯೇ. ‘ಇನ್ನೂ ಟೆಸ್ಟ್ ಆಗಿಲ್ಲ’ ಅಂದರೆ ಮುಖದಲ್ಲಿ ಒಂದು ಸಂಶಯ. ಫೇಲ್ ಆದಳೇನೋ, ಇವರು ಮುಚ್ಚಿಡುತ್ತಿದ್ದಾರೇನೋ ಎಂದು. ಮಂಜು, ಗಾಳಿ, ಹ್ಯಾಂಗರ್ ಎಂದು ವಿವರಿಸಲು ಹೋದರೆ ನೆಪ ಹೇಳಿದ ಹಾಗೆ ಕೇಳಿಸುತ್ತದೆ. ಕೊನೆಗೆ ನಾವು ‘ದುಆ ಮಾಡಿ’ ಎಂದು ಹೇಳಿ ಊಟಕ್ಕೆ ಕೈ ಹಾಕಲು ಕಲಿತೆವು.

‘ಸ್ವಲ್ಪ ಅಡ್ಜಸ್ಟ್ ಮಾಡಬಹುದಿತ್ತಲ್ಲ’

ಏಪ್ರಿಲ್ ಎರಡನೇ ವಾರ. ಬೆಳಗ್ಗೆ ಆರಕ್ಕೆ ಮೆಸೇಜ್ ಬಂತು. ‘ಎಲ್ಲ ಸರಿ ಉಂಟು. ಹೋಗ್ತಾ ಇದ್ದೇನೆ.’ ಮೊದಲ ಸಲ ಬಿಳಿ ಫೋಟೊ ಇಲ್ಲ. ನಮ್ಮ ಉಮ್ಮ ತಸ್ಬೀಹ್ ಹಿಡಿದು ಮೂಲೆಯಲ್ಲಿ ಕೂತರು. ಮಗಳ ಉಮ್ಮ ನೈಪತ್ತಿರ್‌ಗೆ ಅಕ್ಕಿ ನೆನೆಸಿದಳು. ನಾವು ದಕ್ಕೆಗೆ ಹೋಗಲೇ ಇಲ್ಲ.

ಏಳೂವರೆಗೆ ಫೋನ್. ಇಷ್ಟು ಬೇಗ ಮುಗಿಯುವ ಪರೀಕ್ಷೆ ಅಲ್ಲ ಅದು.

ಅವಳು ಹೇಳಿದ್ದು ಹೀಗೆ. ಎಕ್ಸಾಮಿನರ್ ಪಕ್ಕದ ಸೀಟಿನಲ್ಲಿ ಕೂತಿದ್ದರು. ರನ್‌ವೇ ಹತ್ತಿರ ನಿಲ್ಲಿಸಿ ಎಂಜಿನ್ ಪರೀಕ್ಷೆ ಮಾಡಿದಳು. ಈ ಎಂಜಿನ್‌ಗಳಿಗೆ ಮ್ಯಾಗ್ನೆಟೋ ಎಂದು ಎರಡು ಇರುತ್ತವೆ, ಕಿಡಿ ಹೊತ್ತಿಸುವಂಥದ್ದು. ಒಂದು ಕೈ ಕೊಟ್ಟರೂ ಇನ್ನೊಂದು ನಡೆಸಲಿ ಎಂದು ಎರಡು. ಹಾರುವ ಮೊದಲು ಎಂಜಿನನ್ನು 1800 ಸುತ್ತಿಗೆ ತಂದು, ಒಂದೊಂದನ್ನೇ ಬಂದ್ ಮಾಡಿ ನೋಡಬೇಕು. ಸುತ್ತು ಸ್ವಲ್ಪ ಇಳಿಯುತ್ತದೆ, ಅದು ಸಹಜ. ಆದರೆ 150ಕ್ಕಿಂತ ಹೆಚ್ಚು ಇಳಿಯಬಾರದು. ಅವಳದ್ದು ಒಂದು ಕಡೆ ಅದಕ್ಕಿಂತ ಜಾಸ್ತಿ ಇಳಿಯಿತು. ಪ್ಲಗ್‌ನಲ್ಲಿ ಕರಿ ಕೂತಿದ್ದರೆ ಸುಟ್ಟು ಹೋಗಲಿ ಎಂದು ಎಂಜಿನನ್ನು ಸ್ವಲ್ಪ ಹೊತ್ತು ಜೋರಾಗಿ ಓಡಿಸಿ ಮತ್ತೆ ನೋಡಿದಳು. ಮತ್ತೆ ಅಷ್ಟೇ. ಎಕ್ಸಾಮಿನರ್ ಒಂದು ಮಾತೂ ಆಡಲಿಲ್ಲ, ಹೊರಗೆ ನೋಡುತ್ತಾ ಕೂತಿದ್ದರು. ‘ಸರ್, ನಾನು ವಿಮಾನ ವಾಪಸ್ ತಗೊಂಡು ಹೋಗ್ತೇನೆ’ ಅಂದಳು. ತಿರುಗಿಸಿ ಹ್ಯಾಂಗರ್ ಎದುರು ತಂದು ನಿಲ್ಲಿಸಿದಳು. ಪರೀಕ್ಷೆ ಮತ್ತೆ ತಪ್ಪಿತು. ಈ ಸಲ ತಪ್ಪಿಸಿದ್ದು ಅವಳೇ.

ಫೋನಿನಲ್ಲಿ ನಮ್ಮ ಬಾಯಿಂದ ಬಂದದ್ದು ಏನು ಎಂದು ಇಲ್ಲಿ ಬರೆಯಲು ನಾಚಿಕೆ ಆಗುತ್ತದೆ. ಆದರೂ ಬರೆಯಬೇಕು. ‘ಸ್ವಲ್ಪ ಅಡ್ಜಸ್ಟ್ ಮಾಡಬಹುದಿತ್ತಲ್ಲ ಮಗಳೇ? ಎಂಜಿನ್ ಓಡ್ತಾ ಇತ್ತಲ್ಲ?’

ಆ ಕಡೆಯಿಂದ ಮಾತಿಲ್ಲ. ಆಮೇಲೆ, ‘ಬಾಪಾ, ಇಡ್ತೇನೆ’ ಎಂದು ಫೋನ್ ಇಟ್ಟಳು.

ಮೂಲೆಯಲ್ಲಿ ಕೂತಿದ್ದ ನಮ್ಮ ಉಮ್ಮ ತಸ್ಬೀಹ್ ನಿಲ್ಲಿಸಿದರು. ಅವರಿಗೆ ಮ್ಯಾಗ್ನೆಟೋ ಗೊತ್ತಿಲ್ಲ, ನೋಟಾಮ್ ಗೊತ್ತಿಲ್ಲ. ಓದಿದ್ದು ಮದ್ರಸದ ನಾಲ್ಕು ಕಿತಾಬು. ಅವರು ಕೇಳಿದ್ದು ಒಂದೇ ಮಾತು. ‘ನಿನ್ನ ಬೋಟಿನ ತಂಡೇಲ ಎಂಜಿನ್ ಶಬ್ದ ಸರಿಯಿಲ್ಲ, ಇವತ್ತು ಕಡಲಿಗೆ ಹೋಗುವುದಿಲ್ಲ ಅಂದರೆ ನೀನು ಎಂತ ಹೇಳ್ತಿ?’

ನಾವು ಎಂತ ಹೇಳುತ್ತೇವೆ? ಒಳ್ಳೆಯದಾಯಿತು ಎನ್ನುತ್ತೇವೆ. ಐಸ್ ಕರಗಲಿ, ಡೀಸೆಲ್ ದುಡ್ಡು ಹೋಗಲಿ, ಏಳು ಜನ ಮನೆಗೆ ಬಂದರಲ್ಲ ಎನ್ನುತ್ತೇವೆ. ತೂಫಾನ್ ಸೂಚನೆ ಇದ್ದರೆ ಬೋಟ್ ಕಟ್ಟಿಹಾಕುವುದು ನಮಗೆ ಹೊಸತಲ್ಲ. ವರ್ಷಕ್ಕೆ 61 ದಿನ, ಜೂನ್ ಒಂದರಿಂದ ಜುಲೈ ಕೊನೆ ತನಕ, ಟ್ರಾಲ್ ಬೋಟುಗಳೆಲ್ಲ ದಕ್ಕೆಯಲ್ಲೇ ನಿಲ್ಲುತ್ತವೆ. ಕಾಯುವುದನ್ನು ಕಸುಬಿನಲ್ಲೇ ಕಲಿತವರು ನಾವು. ಆದರೂ ಮಗಳ ವಿಷಯಕ್ಕೆ ಬಂದಾಗ ಆ ಪಾಠ ಮರೆತೇ ಹೋಗಿತ್ತು.

ಕೆಂಜಾರಿನ ಆ ಬೆಳಗ್ಗೆ

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಡೆಯ ಯಾವ ಮನೆಯವರಿಗೂ ಮರೆಯಲಾಗದ ಇನ್ನೊಂದು ಬೆಳಗ್ಗೆ ನೆನಪಾಯಿತು. 2010ರ ಮೇ 22. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಹೋದರು. ಉಳಿದವರು ಎಂಟೇ ಮಂದಿ. ಮಂಗಳೂರಿನಿಂದ ಕಾಸರಗೋಡಿನ ತನಕ ಎಷ್ಟೋ ಮನೆಗಳ ಎದುರು ಆ ದಿನ ಜನ ಸೇರಿದ್ದನ್ನು ನಾವೂ ನೋಡಿದ್ದೇವೆ. ನಮ್ಮ ಪರಿಚಯದ ಮನೆಗಳೂ ಅದರಲ್ಲಿದ್ದವು.

ಆ ದುರಂತದ ತನಿಖಾ ವರದಿ ಹೇಳಿದ್ದನ್ನು ಮಗಳೇ ಒಮ್ಮೆ ನಮಗೆ ವಿವರಿಸಿದ್ದಳು, ಪಾಠದಲ್ಲಿ ಕಲಿತದ್ದು. ವಿಮಾನ ಇಳಿಯುವಾಗ ಎತ್ತರ, ವೇಗ ಎರಡೂ ಸರಿ ಇರಲಿಲ್ಲ. ಪಕ್ಕದಲ್ಲಿದ್ದ ಸಹ ಪೈಲಟ್ ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದ್ದರು. ವಿಮಾನದ ಯಂತ್ರವೂ ಎಚ್ಚರಿಕೆ ಕೂಗುತ್ತಿತ್ತು. ಆದರೂ ಇಳಿಸುವ ಪ್ರಯತ್ನ ಬಿಡಲಿಲ್ಲ. ಇಳಿಸುವುದನ್ನು ಕೈಬಿಡದೆ ಮುಂದುವರಿಸಿದ್ದೇ ನೇರ ಕಾರಣ ಎಂದಿತು ವರದಿ.

ಅದನ್ನು ಕೇಳಿದ್ದ ನಾವೇ ಆ ದಿನ ಬೆಳಗ್ಗೆ ಫೋನಿನಲ್ಲಿ ‘ಅಡ್ಜಸ್ಟ್’ ಎಂಬ ಮಾತು ಆಡಿದ್ದೆವು. ಬೇಡ ಎಂದು ವಾಪಸ್ ತಿರುಗುವವರು ಪೈಲಟ್ ಸೀಟಿನಲ್ಲಿ ಇರಬೇಕು ಎಂದು ನಾವೆಲ್ಲ ಬಯಸುತ್ತೇವೆ, ನಮ್ಮವರು ಆ ವಿಮಾನದಲ್ಲಿ ಕೂತಿರುವಾಗ. ನಮ್ಮದೇ ಮಗಳು ಹಾಗೆ ವಾಪಸ್ ತಿರುಗಿದರೆ ನಮಗೆ ಬೋಟಿನ ಪಾಲಿನ ದುಡ್ಡು ನೆನಪಾಗುತ್ತದೆ. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭಾರ ಹಾಕು ಎಂಬ ಉಪದೇಶ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇ. ಅವಳು ಕಟ್ಟಿದ್ದಳು. ಬಿಚ್ಚು ಎಂದವರು ನಾವು.

ಮರುದಿನ ಸುಬಹಿ ಆದ ಮೇಲೆ ನಾವೇ ಫೋನ್ ಮಾಡಿದೆವು. ತಪ್ಪಾಯಿತು ಎಂದು ಹೇಳಿದೆವು. ಮಕ್ಕಳ ಹತ್ತಿರ ಹಾಗೆ ಹೇಳಿ ನಮಗೆ ಅಭ್ಯಾಸ ಇಲ್ಲ. ಅವಳು, ‘ಆಯ್ತು ಬಾಪಾ, ತಿಂಡಿ ಆಯ್ತಾ?’ ಎಂದಳು. ಅಷ್ಟರಲ್ಲೇ ಮುಗಿಯಿತು. ಆ ದಿನದಿಂದ ‘ಯಾವಾಗ’ ಎಂದು ಕೇಳುವುದನ್ನು ಮನೆಯಲ್ಲಿ ನಿಲ್ಲಿಸಿದೆವು. ನಿದ್ದೆ ಬಂತಾ, ಊಟ ಆಯ್ತಾ ಎಂದಷ್ಟೇ ಕೇಳುತ್ತಿದ್ದೆವು. ಹಾರುವ ಮೊದಲು ಪೈಲಟ್‌ಗಳು ವಿಮಾನವನ್ನು ಮಾತ್ರ ಅಲ್ಲ, ತಮ್ಮನ್ನೂ ತಾವು ಪರೀಕ್ಷೆ ಮಾಡಿಕೊಳ್ಳಬೇಕಂತೆ. ಕಾಯಿಲೆ ಉಂಟಾ, ಮದ್ದು ತಿಂದಿದ್ದೇನಾ, ಸುಸ್ತು ಉಂಟಾ, ಹೊಟ್ಟೆ ಖಾಲಿ ಉಂಟಾ, ಮನಸ್ಸಿನಲ್ಲಿ ಚಿಂತೆ ಉಂಟಾ. ಕೊನೆಯದ್ದನ್ನು ಅವಳ ತಲೆಗೆ ತುಂಬಿಸುತ್ತಿದ್ದದ್ದು ನಾವೇ ಎಂದು ಆಗ ಗೊತ್ತಾಯಿತು.

ಕಳಿಸುವ ಮೊದಲು ಕೇಳಬೇಕಾದ್ದು

ನಮ್ಮ ಅನುಭವದಿಂದ ನಾಲ್ಕು ಮಾತು. ಈ ದಾರಿಗೆ ಮಕ್ಕಳನ್ನು ಕಳಿಸುವವರು ಕಿವಿಯಲ್ಲಿ ಹಾಕಿಕೊಳ್ಳಿ.

ಫೀಸ್ ಕಟ್ಟುವ ಮೊದಲು ಮೆಡಿಕಲ್ ಮುಗಿಸಿ. ಮೊದಲು ಕ್ಲಾಸ್ ಟೂ, ಆಮೇಲೆ ಕ್ಲಾಸ್ ಒನ್. ಮೊದಲ ಕ್ಲಾಸ್ ಒನ್ ಪರೀಕ್ಷೆ ಮಾಡುವ ಕಡೆಗಳಲ್ಲಿ ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ದುಡ್ಡು ಕಟ್ಟಿದ ಮೇಲೆ ಕಣ್ಣಿನಲ್ಲೋ ಕಿವಿಯಲ್ಲೋ ತೊಂದರೆ ಕಂಡರೆ ವಾಪಸ್ ಪಡೆಯುವುದು ಸುಲಭ ಅಲ್ಲ.

ಥಿಯರಿಯನ್ನು ಬಾಕಿ ಇಡಬೇಡಿ. ನ್ಯಾವಿಗೇಶನ್, ಹವಾಮಾನ, ನಿಯಮಗಳು, ಟೆಕ್ನಿಕಲ್, ಜೊತೆಗೆ ರೇಡಿಯೋದಲ್ಲಿ ಮಾತಾಡುವ ಪರೀಕ್ಷೆ. ಇವನ್ನು ಮೊದಲೇ ಮುಗಿಸಿದವರು ಆಕಾಶ ತೆರೆದ ದಿನ ಸೀದಾ ವಿಮಾನ ಹತ್ತುತ್ತಾರೆ. ಬಾಕಿ ಇಟ್ಟವರು ಹವೆ ಚೆನ್ನಾಗಿರುವಾಗ ಪುಸ್ತಕ ಹಿಡಿದು ಕೂರುತ್ತಾರೆ.

ಸ್ಕೂಲಿನವರ ಹತ್ತಿರ ಬಣ್ಣದ ಪುಸ್ತಕ ನೋಡಿ ಬರಬೇಡಿ. ನಿಮ್ಮಲ್ಲಿ ಈವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಹುಡುಗರು ಎಷ್ಟು, ಇನ್‌ಸ್ಟ್ರಕ್ಟರ್ ಎಷ್ಟು ಎಂದು ಕೇಳಿ. ರಿಪೇರಿ ಅಲ್ಲೇ ಆಗುತ್ತದಾ, ಬೇರೆ ಊರಿಗೆ ಕಳಿಸಬೇಕಾ ಕೇಳಿ. ರಾತ್ರಿ ಇಳಿಯಲು ರನ್‌ವೇಯಲ್ಲಿ ದೀಪ ಉಂಟಾ, ಇಲ್ಲದಿದ್ದರೆ ರಾತ್ರಿ ಪರೀಕ್ಷೆಗೆ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಕೇಳಿ. ಆ ಊರಿನಲ್ಲಿ ವರ್ಷಕ್ಕೆ ಎಷ್ಟು ತಿಂಗಳು ಮಂಜು, ಎಷ್ಟು ತಿಂಗಳು ಮಳೆ ಎಂದು ಕೇಳಿ. ಮುಖ್ಯವಾಗಿ, ಕಳೆದ ವರ್ಷ 200 ಗಂಟೆ ಮುಗಿಸಿದ ಮಕ್ಕಳು ಪರೀಕ್ಷೆಗೆ ಎಷ್ಟು ದಿನ ಕಾದರು ಎಂದು ಕೇಳಿ, ಆ ಮಕ್ಕಳನ್ನೇ ಕೇಳಿ. ಮೆಸ್‌ನಲ್ಲಿ ಒಂದು ಹೊತ್ತು ಊಟ ಮಾಡಿದರೆ ಆಫೀಸಿನಲ್ಲಿ ಸಿಗದ ಉತ್ತರ ಸಿಗುತ್ತದೆ. 2025ರಲ್ಲಿ ಡಿಜಿಸಿಎ ಫ್ಲೈಯಿಂಗ್ ಸ್ಕೂಲ್‌ಗಳಿಗೆ ದರ್ಜೆ ಕೊಟ್ಟು ಪಟ್ಟಿ ಹಾಕಲು ಶುರು ಮಾಡಿದೆ. ಅದನ್ನೂ ನೋಡಿ.

ಫೀಸ್ ಒಂದೇ ಗಂಟಿನಲ್ಲಿ ಕೊಡಬೇಡಿ. ಹಾರಿದ ಗಂಟೆಗೆ ತಕ್ಕ ಹಾಗೆ ಕಂತು ಮಾಡಿ. ಅವರ ವಿಮಾನ ಕೆಟ್ಟು ಪರೀಕ್ಷೆ ತಪ್ಪಿದರೆ ಮತ್ತೆ ಹಾರುವ ಗಂಟೆಯ ದುಡ್ಡು ಯಾರದ್ದು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ನಾವು ಬರೆಸಿರಲಿಲ್ಲ. ಮಂಜಿಗೆ ಯಾರನ್ನೂ ದೂರಲು ಬರುವುದಿಲ್ಲ. ಆದರೆ ಹುಡುಗರನ್ನು ಜಾಸ್ತಿ ಸೇರಿಸಿ ವಿಮಾನ ಕಡಿಮೆ ಇಟ್ಟುಕೊಂಡು ಆಗುವ ವಿಳಂಬ ಮಂಜು ಅಲ್ಲ, ಅದನ್ನು ಕೇಳುವ ಹಕ್ಕು ನಮಗೆ ಉಂಟು. ಎರಡನ್ನೂ ಒಂದೇ ‘ಸಬ್ರ್’ ಎಂಬ ಮಾತಿನಲ್ಲಿ ಮುಚ್ಚಬಾರದು. ಹಾಗೆಯೇ, ನೀವು ಲೆಕ್ಕ ಹಾಕಿದ ದುಡ್ಡಿನ ಮೇಲೆ ಒಂದು ಪಾಲು ಬೇರೆ ತೆಗೆದಿಡಿ, ಕಾಯುವ ದಿನಗಳಿಗೆಂದು. ಅದನ್ನು ಖರ್ಚಿನ ಲೆಕ್ಕದಲ್ಲೇ ಬರೆಯಿರಿ.

ಇನ್ನು, ದಿನಾಂಕಗಳ ಒಂದು ಪಟ್ಟಿ ಮನೆಯಲ್ಲಿ ಇಟ್ಟುಕೊಳ್ಳಿ. ಮೆಡಿಕಲ್ ಯಾವಾಗ ಮುಗಿಯುತ್ತದೆ, ಆರು ತಿಂಗಳ ಲೆಕ್ಕ ಎಲ್ಲಿಗೆ ಬರುತ್ತದೆ, ಯಾವ ಪರೀಕ್ಷೆ ಯಾವಾಗ ಪಾಸಾಯಿತು. ಮಗುವಿಗೆ ಹಾರುವ ಚಿಂತೆ ಸಾಕು, ಈ ಲೆಕ್ಕ ಮನೆಯವರು ನೋಡಿಕೊಳ್ಳಬಹುದು. ದಕ್ಕೆಯಲ್ಲಿ ಮೀನಿನ ಲೆಕ್ಕ ಬರೆಯುವ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ನಾವು ಬರೆದಿಟ್ಟೆವು. ಮಾರ್ಚ್‌ನಲ್ಲೇ ಬರೆದಿದ್ದರೆ ಮೆಡಿಕಲ್‌ಗೆ ಮೊದಲೇ ದಿನ ತೆಗೆದುಕೊಳ್ಳಬಹುದಿತ್ತು.

ಕೊನೆಗೆ

ಆ ವಿಮಾನದ ಮ್ಯಾಗ್ನೆಟೋ ಬದಲಿಸಲು ಮೂರು ದಿನ ಹಿಡಿಯಿತು. ನಾಲ್ಕನೇ ದಿನ ಹಗಲಿನ ಜನರಲ್ ಟೆಸ್ಟ್ ಆಯಿತು. ಕಡಿದಾದ ತಿರುವು, ಎಂಜಿನ್ ನಿಂತ ಹಾಗೆ ಮಾಡಿ ಗದ್ದೆಯ ಕಡೆ ಇಳಿಸುವ ಅಭ್ಯಾಸ, ಫ್ಲ್ಯಾಪ್ ಇಲ್ಲದೆ ಇಳಿಸುವುದು, ಎಲ್ಲ. ಫ್ಲ್ಯಾಪ್ ಇಲ್ಲದ ಇಳಿಕೆ ಸ್ವಲ್ಪ ಉದ್ದ ಆಯಿತು ಎಂದು ಎಕ್ಸಾಮಿನರ್ ಹೇಳಿದರಂತೆ. ಪಾಸ್ ಮಾಡಿದರು. ಅದೇ ವಾರ ಹಗಲಿನ ಕ್ರಾಸ್ ಕಂಟ್ರಿ, ರಾತ್ರಿಯ ಜನರಲ್ ಟೆಸ್ಟ್ ಆದವು. ರಾತ್ರಿಯ ಕ್ರಾಸ್ ಕಂಟ್ರಿ ಎರಡು ಸಲ ಗುಡುಗು ಮಳೆಗೆ ತಪ್ಪಿತು. ಮೂರನೇ ಸಲ ಆಯಿತು. ಮೆಡಿಕಲ್ ಮುಗಿಯಲು ಆಗ ಒಂಬತ್ತು ದಿನ ಬಾಕಿ.

ಈಗ ಕಾಗದಪತ್ರ ಆನ್‌ಲೈನ್‌ನಲ್ಲಿ ಹೋಗಿದೆ. ಲಾಗ್‌ಬುಕ್ಕಿನ ಒಂದೊಂದು ಸಾಲನ್ನೂ ಅಲ್ಲಿ ತಾಳೆ ನೋಡುತ್ತಾರೆ. ಒಂದು ದಿನಾಂಕ ತಪ್ಪಿದ್ದಕ್ಕೆ ಒಮ್ಮೆ ವಾಪಸ್ ಬಂದು, ಸರಿ ಮಾಡಿ ಮತ್ತೆ ಕಳಿಸಿದ್ದಾಳೆ. ಲೈಸನ್ಸ್ ಬಂದ ಮೇಲೆಯೂ ದೊಡ್ಡ ವಿಮಾನದ ಟೈಪ್ ರೇಟಿಂಗ್ ಉಂಟು, ಕೆಲಸ ಹುಡುಕುವುದು ಉಂಟು. ಇನ್ನೂ ಕಾಯುವುದುಂಟು ಎಂದು ಅರ್ಥ.

ಮೊನ್ನೆ ಮನೆಗೆ ಬಂದವಳು ನಮ್ಮ ಜೊತೆ ದಕ್ಕೆಗೆ ಬಂದಿದ್ದಳು. ಟ್ರಾಲಿಂಗ್ ನಿಷೇಧ ಶುರುವಾಗಿ ಬೋಟುಗಳೆಲ್ಲ ಸಾಲಾಗಿ ನಿಂತಿದ್ದವು. ನಮ್ಮ ಬೋಟಿನ ತಂಡೇಲ ಬಲೆ ಸರಿ ಮಾಡುತ್ತಾ ಕೂತಿದ್ದವರು ಅವಳನ್ನು ನೋಡಿ, ‘ಎಂತ ಮಗಳೇ, ನಿನ್ನದೂ ಕಟ್ಟಿಹಾಕಿದ್ದಾರಾ?’ ಎಂದು ಕೇಳಿದರು. ‘ಹೌದು ಕಾಕಾ’ ಎಂದಳು. ಇಬ್ಬರೂ ಒಟ್ಟಿಗೆ ತಲೆ ಎತ್ತಿ ಪಡುವಣದ ಮೋಡ ನೋಡಿದರು. ಆಮೇಲೆ ಅವಳು ಬಲೆಯ ಒಂದು ತುದಿ ಹಿಡಿದು ಅಲ್ಲೇ ಕೂತಳು.